ಬಲಗಡೆಯ ಚೌಕದಿಂದ

ಹಳೆಯ ಪುಸ್ತಕ ಕೊಳ್ಳುವವರು ಮೊದಲು ಅದನ್ನು ಮೂಸಿ ನೋಡಬೇಕು. ಮುಗ್ಗಲು ವಾಸನೆಯಿದ್ದರೆ ನೀರು ಕುಡಿದ ಮಾಲು, ಸೀಮೆಎಣ್ಣೆ ವಾಸನೆಯಿದ್ದರೆ ಗೆದ್ದಲು ಕಂಡ ಮಾಲು, ಎರಡನ್ನೂ ಬಿಟ್ಟುಬಿಡಿ. ಹೋದ ತಿಂಗಳು ರಾಣೆಬೆನ್ನೂರಿನ ರದ್ದಿ ಅಂಗಡಿಯಲ್ಲಿ ನಾನು ಮೂಗಿಗೆ ಹಿಡಿದ ಪುಸ್ತಕಕ್ಕೆ ಮೆಣಸಿನಕಾಯಿಯ ಘಾಟಿತ್ತು. ಬ್ಯಾಡಗಿಯ ಯಾವುದೋ ಮನೆಯಿಂದ ಬಂದದ್ದಿರಬೇಕು. ಸೀನು ಬಂತು, ಕಣ್ಣಲ್ಲಿ ನೀರು ಬಂತು, ಹಿಂದೆಯೇ ಆ ಊರಿನ ಮಾರುಕಟ್ಟೆಯ ಬೆನ್ನಿಗಿದ್ದ ನಮ್ಮ ತಗಡಿನ ಮನೆ ಬಂತು: ಅಂಗಳದಲ್ಲಿ ಕುಳಿತು ಕಾಯಿಯ ತೊಟ್ಟು ಮುರಿಯುತ್ತ, ಉರಿಯುವ ಬೆರಳುಗಳನ್ನು ಆಗಾಗ ಮಜ್ಜಿಗೆಯಲ್ಲಿ ಅದ್ದುತ್ತಿದ್ದ ಅಮ್ಮಿ, ಚೀಲ ಹೊತ್ತು ಹೊತ್ತು ಒಂದು ಭುಜ ತಗ್ಗಿದ್ದ ಅಬ್ಬಾ. ಆ ಜಾಗದಲ್ಲಿ ಈಗ ಕೋಲ್ಡ್ ಸ್ಟೋರೇಜಿನ ಗೋಡೆ ನಿಂತಿದೆ. ಬೇಸಿಗೆಯಲ್ಲೂ ಮುಟ್ಟಿದರೆ ತಣ್ಣಗಿರುತ್ತದೆ.

ಅಬ್ಬಾ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲರು. ಮಧ್ಯಾಹ್ನ ನಾನು ಒಯ್ದ ರೊಟ್ಟಿ ತಿಂದು ಜೊತೆಯ ಹಮಾಲರೊಂದಿಗೆ ಚೀಲಗಳ ನೆರಳಿಗೆ ಕುಳಿತಾಗ ಚಹಾದಂಗಡಿಯ ಪತ್ರಿಕೆ ಅಬ್ಬಾನ ಕೈಗೆ ಬರುತ್ತಿತ್ತು. ಕೊನೆಯ ಪುಟದಲ್ಲಿ, ಒಂದೇ ಅಡ್ಡಸಾಲಿನಲ್ಲಿ, ಮೂರು ಚೌಕಗಳ ಚಿತ್ರಕಥೆ. ಕೊಡೆ ಹಿಡಿದ ಬೋಳುತಲೆಯ ಗುಮಾಸ್ತನೊಬ್ಬ ಅದರ ನಾಯಕ. ಅಬ್ಬಾ ಅವನನ್ನು ಚಾಚಾ ಎನ್ನುತ್ತಿದ್ದರು. ಅವರಿಗೆ ಕನ್ನಡದ ಮಾತು ಚೆನ್ನಾಗಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಓದಲು ಬರುತ್ತಿದ್ದದ್ದು ಮದರಸಾದಲ್ಲಿ ಕಲಿತ ಉರ್ದು ಮಾತ್ರ. ಹಾಗಾಗಿ ಚಿತ್ರ ನೋಡಿಯೇ ಕಥೆ ಕಟ್ಟುತ್ತಿದ್ದರು. “ನೋಡ್ರಿಪಾ, ಚಾಚಾ ಗಟಾರದಾಗ ಬಿದ್ದಾನ. ಈಗ ಎದ್ದ, ಕೊಡಿ ಝಾಡಿಸಿದ. ನೆಟ್ಟಗ ಮನಿಗೆ ಹ್ವಾದ, ಬಾಗಲದಾಗ ನಿಂತು ನಗಾಕತ್ತಾನ!” ಅಬ್ಬಾನ ಕಥೆಗಳಲ್ಲಿ ಬಿದ್ದವರೆಲ್ಲ ಏಳುತ್ತಿದ್ದರು, ಒಡೆದ ಕೊಡ ಕೂಡಿಕೊಳ್ಳುತ್ತಿತ್ತು, ಏನೇ ಆದರೂ ಚಾಚಾ ಕಡೆಗೆ ಮನೆ ಮುಟ್ಟುತ್ತಿದ್ದ.

ಮೂರನೆಯ ಇಯತ್ತೆಯಲ್ಲಿ ನನಗೆ ಸರಾಗ ಓದಲು ಬಂತು. ಒಂದು ಮಧ್ಯಾಹ್ನ ಅಬ್ಬಾ ಎಂದಿನಂತೆ, ಉರ್ದು ಓದುವ ಹಾಗೆ, ಬಲಗಡೆಯ ಚೌಕದ ಮೇಲೆ ಬೆರಳಿಟ್ಟು ಶುರು ಮಾಡಿದರು: ಹರಿದ ಕೊಡೆ ಹಿಡಿದು ಚಾಚಾ ಅಳುತ್ತಿದ್ದಾನೆ. ಬೆರಳು ನಡುವಿನ ಚೌಕಕ್ಕೆ ಸರಿಯಿತು: ಚಾಚಾನ ಎದುರಿಗೆ ಗೂಳಿ. ಆಗಲೇ ನಾನು, ಮನೆಯಲ್ಲಿ ಉರ್ದು ಆಡುವವಳು, ಎಲ್ಲರಿಗೂ ಕೇಳಲೆಂದು ಕನ್ನಡದಲ್ಲಿ ಕೂಗಿದೆ: “ಅಬ್ಬಾ, ಉಲ್ಟಾ ಹೇಳಾಕತ್ತೀರಿ! ಕನ್ನಡಾ ಎಡಗಡಿಂದ ಓದಬೇಕು. ಅಂವ ಮನಿಗೆ ಹೋಗಂಗಿಲ್ಲ, ಅಳಕೋಂತ ಕುಂದರತಾನ!” ಜೊತೆಯ ಹಮಾಲ ಬಸಣ್ಣ ಹೊಟ್ಟೆ ಹಿಡಿದುಕೊಂಡ. “ಅಲೆ ಇವನ! ಇಷ್ಟ್ ವರ್ಷ ನಮ್ಮನ್ನ ಹಿಂದ್ಹಿಂದಕ್ಕ ನಡಸಿದೆಲ್ಲೋ ಹುಸೇನಾ! ನಾಳೆ ಚೀಲಾನೂ ಲಾರಿಯಿಂದ ಹೊಲಕ್ಕ ಹೊರತೀಯೇನ?” ಎಲ್ಲರೂ ನಕ್ಕರು, ಅಬ್ಬಾನೂ ನಕ್ಕರು. “ನನ್ನ ಮಗಳು ಶ್ಯಾಣ್ಯಾಕಿ” ಎಂದು ಪತ್ರಿಕೆಯನ್ನು ಮಡಚಿ ನನ್ನ ಕೈಗಿತ್ತರು. “ಇನ್ನ ಮ್ಯಾಲೆ ನೀನ ಓದು, ಬೇಟಿ.” ನಾನು ಒಂದಕ್ಷರ ತಪ್ಪದೆ ಓದಿದೆ. ಯಾರೂ ಕೂತು ಕೇಳಲಿಲ್ಲ. ಎರಡು ಸುಗ್ಗಿ ಕಳೆಯುವುದರೊಳಗೆ ಮೆಣಸಿನಕಾಯಿಯ ಧೂಳು ಅಬ್ಬಾನ ಎದೆಗಿಳಿದು ಅವರು ಹಾಸಿಗೆ ಹಿಡಿದರು. ಚಾಚಾನ ಕಥೆ ಹೇಳಿರೆಂದು ಪಕ್ಕದಲ್ಲಿ ಕುಳಿತು ಬೇಡಿದೆ. ಕೆಮ್ಮಿನ ನಡುವೆ ಕೈಯಾಡಿಸಿದರು: “ನನಗ ಅದು ಬರೂದಿಲ್ಲ, ಬೇಟಿ.” ಆ ಕೆಮ್ಮಿನಲ್ಲೇ ಹೋದರು.

ಈಗ ಹಾವೇರಿಯಲ್ಲಿ ನನ್ನದೇ ಪಾತ್ರೆ ಅಂಗಡಿಯಿದೆ. ಆ ಚಿತ್ರಕಥೆಯ ಪುಸ್ತಕಗಳನ್ನು ಹುಡುಕಿ ಹುಡುಕಿ ಕೂಡಿಸಿದ್ದೇನೆ. ನಿಮಗೂ ಬೇಕಿದ್ದರೆ ಒಂದು ಮಾತು: ಹೊಸ ಮುದ್ರಣ ಕೊಳ್ಳಬೇಡಿ. ಅದರಲ್ಲಿ ಮೂರೂ ಚೌಕಗಳನ್ನು ಒಂದರ ಕೆಳಗೊಂದು ಜೋಡಿಸಿದ್ದಾರೆ, ಬಲಗಡೆ ಎಂಬುದೇ ಉಳಿದಿಲ್ಲ. ಅಡ್ಡಗಲದ ಹಳೆಯ ಮುದ್ರಣವನ್ನೇ ಕೇಳಿ. ಅದಕ್ಕೂ ಮೊದಲು ಬೇರೆ ಯಾವುದೋ ಪುಸ್ತಕದ ದರ ಕೇಳಿ, ಆಸೆ ಮುಖಕ್ಕೆ ಬರಗೊಡಬೇಡಿ. ರಾಣೆಬೆನ್ನೂರಿನ ಆ ಘಾಟಿನ ಪುಸ್ತಕಕ್ಕೂ ನಾನು ಹಾಗೆಯೇ ಮಾಡಿದೆ. “ಹುಡುಗರ ಪುಸ್ತಕಕ್ಕ ಇಷ್ಟ್ ಚೌಕಾಸಿ ಏನ್ರೀ ಅಕ್ಕಾರ, ಮೊಮ್ಮಗಗೇನು?” ಎಂದ ಅಂಗಡಿಯವನು. “ನನಗರೀ” ಎಂದೆ. ಇಷ್ಟು ವರ್ಷ ಸಿಗದಿದ್ದ, ಆ ಮಧ್ಯಾಹ್ನದ ಗೂಳಿಯ ಪುಟ ಅದರಲ್ಲಿತ್ತು. ಮನೆಗೆ ತಂದು ಬಲಗಡೆಯಿಂದ ಬೆರಳಿಟ್ಟೆ: ಅಳುವ ಚಾಚಾ, ನಡುವೆ ಗೂಳಿ, ಆಮೇಲೆ ಎಡಗಡೆಯದು. ಅಚ್ಚಿನಲ್ಲಿ ಅದು ಮೊದಲ ಚೌಕ. ಗುಮಾಸ್ತ ಇನ್ನೂ ಬಂದೇ ಇಲ್ಲ, ಬರೀ ರಸ್ತೆ. ಅಬ್ಬಾಗೆ ಅದೇ ಕಡೆಯದು. ಮನೆಯಿಲ್ಲ, ಬಾಗಿಲಿಲ್ಲ, ಚಾಚಾನೂ ಇಲ್ಲ. ಆ ಖಾಲಿ ರಸ್ತೆಯಿಂದ ಅವನನ್ನು ಮನೆ ಮುಟ್ಟಿಸಲು ಅಬ್ಬಾ ಏನು ಹೇಳುವವರಿದ್ದರೋ. ಅಂದು ಇನ್ನೊಂದೇ ಚೌಕ ಉಳಿದಿತ್ತು, ನಾನು ನಡುವೆ ಬಾಯಿ ಹಾಕಿದೆ.