ಕ್ಲಿಯೋ ಸಾಲು ಬಿಟ್ಟು ಎದ್ದ ದಿನ

ನನ್ನ ತಮ್ಮ ಕ್ಲಿಯೋಫಸ್ ಬಾಯ್ಕಿನ್‌ಗೆ ಸಿಟ್ಟು ಹುಟ್ಟಿನಿಂದ ಬಂದದ್ದಲ್ಲ. ಚಿಕ್ಕವನಿದ್ದಾಗ ಅಮ್ಮ ಕೋಳಿ ಕುಯ್ಯಲು ಹೊರಟರೆ ಅವನು ಕಿವಿ ಮುಚ್ಚಿಕೊಂಡು ಚರ್ಚಿನವರೆಗೆ ಓಡುತ್ತಿದ್ದ. ಹೈಸ್ಕೂಲಿಗೆ ಬರುವ ಹೊತ್ತಿಗೆ ನಮ್ಮ ಅಡುಗೆಮನೆ ಬಾಗಿಲಲ್ಲಿ ಓರೆಯಾಗಿ ನುಸುಳಬೇಕಾದಷ್ಟು ಬೆಳೆದ. ಆಗಲೂ ಸ್ವಭಾವ ಮೆತ್ತಗೇ ಇತ್ತು. ಅವನಿಗೆ ಸಿಟ್ಟು ಕಲಿಸಿದ್ದು ನಮ್ಮೂರ ಕಾಲೇಜಿನ ಫುಟ್‌ಬಾಲ್ ತಂಡ. ಕಲಿಸಿದವನ ಹೆಸರು ಕೋಚ್ ವಿಟ್ಸೆಟ್.

ಮಿಸಿಸಿಪ್ಪಿಯ ಈ ಬಯಲಿನಲ್ಲಿ ಶನಿವಾರದ ಆಟಕ್ಕಿಂತ ದೊಡ್ಡ ಹಬ್ಬ ಇಲ್ಲ. ಇಲ್ಲಿನ ಫುಟ್‌ಬಾಲಿನಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವವನ ಹೆಸರು ಕೂಸುಗಳಿಗೂ ಗೊತ್ತಿರುತ್ತದೆ. ಕ್ಲಿಯೋ ಓಡುವವನಲ್ಲ. ಅವನದು ತಡೆಯುವ ಮುಂಸಾಲು, ಅದರಲ್ಲೂ ನಟ್ಟನಡುವಿನ ಜಾಗ. ಒಂದು ಕೈ ನೆಲಕ್ಕೂರಿ ಬಗ್ಗಿ ನಿಂತು, ಎದುರಿನ ಇಬ್ಬರು ದಾಂಡಿಗರು ಒಟ್ಟಿಗೆ ಮೇಲೆ ಬಿದ್ದರೂ ಹಿಂದೆ ಸರಿಯಬಾರದು. ಅವನು ಸರಿಯದಿದ್ದರೆ ಹಿಂದಿರುವ ಯಾವನೋ ನುಗ್ಗಿ ಬಂದು ಚೆಂಡಿನವನನ್ನು ಕೆಡವುತ್ತಾನೆ, ಚಪ್ಪಾಳೆ ಅವನಿಗೆ. ಕ್ಲಿಯೋ ಮೂರು ವರ್ಷ ಹೀಗೆ ಎದೆ ಕೊಟ್ಟ. ಅವನ ಓದಿನ ಖರ್ಚನ್ನು ಕಾಲೇಜು ನೋಡಿಕೊಳ್ಳುತ್ತಿದ್ದದ್ದು ಈ ಎದೆಗಾಗಿಯೇ. ಬೆರಳುಗಳು ಸೊಟ್ಟಗಾದವು, ಒಂದು ಮಂಡಿ ಮೆಟ್ಟಿಲು ಹತ್ತುವಾಗ ಕಟಕಟ ಎನ್ನತೊಡಗಿತು.

ಅವನ ಕೊನೆಯ ವರ್ಷದ ಬೇಸಿಗೆಯಲ್ಲಿ ವಿಟ್ಸೆಟ್ ಅದೇ ಮುಂಸಾಲಿಗೆ ನಾಲ್ವರು ಹೊಸ ಹುಡುಗರನ್ನು ತಂದ. ಎಲ್ಲರೂ ಆಗಷ್ಟೇ ಹೈಸ್ಕೂಲು ಮುಗಿಸಿದವರು. 'ನಮ್ಮ ಮುಂಸಾಲಿಗೆ ಈಗ ಆಳ ಬಂದಿದೆ' ಎಂದು ಊರ ಪತ್ರಿಕೆಗೆ ಹೇಳಿಕೆಯನ್ನೂ ಕೊಟ್ಟ.

ಕ್ಲಿಯೋ ಪತ್ರಿಕೆಯನ್ನು ಊಟದ ಮೇಜಿಗೆ ಬಡಿದ. "ಆಳವಂತೆ! ಬಾವಿ ತೋಡ್ತಾವ್ನಾ? ನೋಡಕ್ಕಾ, ಇದರರ್ಥ ಏನು ಅಂದ್ರೆ, ನಾನು ಮುರಿದು ಬಿದ್ರೆ ನನ್ನ ಪಕ್ಕಕ್ಕೆ ಎಳೆದು ಹಾಕಿ ಇನ್ನೊಬ್ಬನ್ನ ತಳ್ಳೋಕೆ ಮಾಂಸ ತಂದಿಟ್ಕೊಂಡಿದಾನೆ."

"ಎಲ್ಲ ತಂಡದಲ್ಲೂ ಹಂಗೇ ಅಲ್ವೇನೋ?" ಅಂದೆ.

"ಹೌದು. ಅದಕ್ಕೇ ಇನ್ನೂ ಸಿಟ್ಟು ಬರೋದು."

ಮೊದಮೊದಲು ಆ ಸಿಟ್ಟೆಲ್ಲ ಹೊಸ ಹುಡುಗರ ಮೇಲೆಯೇ ಹೋಯಿತು. ಅದರಲ್ಲೂ ಡಾಂಟ್ರೆಲ್ ಸೈಕ್ಸ್ ಎಂಬವನ ಮೇಲೆ. ನದಿಯಾಚೆ ಅರ್ಕನ್ಸಾದವನು, ಕ್ಲಿಯೋಗಿಂತಲೂ ಭಾರ, ಮುಖ ಮಾತ್ರ ಹಾಲುಗಲ್ಲದ ಮಗುವಿನದು. ಅವನಿಗೆ ಕ್ಲಿಯೋನ ಜಾಗವನ್ನೇ ಗೊತ್ತುಮಾಡಿದ್ದರು. ಅದು ತಿಳಿದೂ ಅವನು ಕ್ಲಿಯೋನ ಬೆನ್ನು ಬಿಡುತ್ತಿರಲಿಲ್ಲ.

"ಅಣ್ಣಾ, ಎಡಗಾಲು ಎಲ್ಲಿಡ್ಬೇಕು?"

"ನಿಮ್ಮಪ್ಪನ ತಲೆ ಮೇಲಿಡು."

"ಅಪ್ಪ ಎಲ್ಲವ್ನೆ ಅಂತಾನೇ ಗೊತ್ತಿಲ್ಲಣ್ಣ. ಸಿಕ್ರೆ ಇಡ್ತೀನಿ."

ಇದಕ್ಕೆ ಕ್ಲಿಯೋ ನಕ್ಕುಬಿಟ್ಟನಂತೆ. ನಕ್ಕ ಮೇಲೆ ಕಲಿಸದೆ ಇರಲಾಗಲಿಲ್ಲ. ಎಡಗಾಲು ಎಲ್ಲಿಡಬೇಕು, ಎದುರಿನವನ ತೋಳಿನ ಕೆಳಗೆ ಕೈ ಹೇಗೆ ತೂರಿಸಬೇಕು ಎಂದು ಬೈಯುತ್ತಲೇ ತೋರಿಸಿಕೊಟ್ಟ. ಮನೆಗೆ ಬಂದು, "ನನ್ನ ಗೋರಿ ನಾನೇ ತೋಡ್ತಾ ಇದೀನಿ" ಎಂದು ಅದಕ್ಕೂ ಸಿಟ್ಟು ಮಾಡಿಕೊಂಡ.

ಆಗಸ್ಟಿನ ಬಿಸಿಲು ಇಲ್ಲಿ ಹಸಿ ಕಂಬಳಿ ಹೊದಿಸಿದ ಹಾಗೆ. ಅಂಥ ಒಂದು ಮಧ್ಯಾಹ್ನ ನಾಲ್ವರು ಹುಡುಗರೂ ಅಭ್ಯಾಸಕ್ಕೆ ತಡವಾಗಿ ಬಂದರು. ಬಸ್ಸು ಕೆಟ್ಟಿತ್ತು. ವಿಟ್ಸೆಟ್ ಅದನ್ನು ಕೇಳಿಸಿಕೊಳ್ಳಲಿಲ್ಲ. ಉಳಿದವರನ್ನೆಲ್ಲ ಗೆರೆಯ ಮೇಲೆ ಸಾಲಾಗಿ ಮಂಡಿಯೂರಿ ಕೂರಿಸಿ, ಹುಡುಗರಿಗೆ ಶಿಕ್ಷೆ ವಿಧಿಸಿದ. ತಲೆಗೆ ಹೆಲ್ಮೆಟ್, ಹೆಗಲಿಗೆ ಮೆತ್ತೆ, ಎಲ್ಲ ತೊಟ್ಟುಕೊಂಡೇ ಮೈದಾನದ ಈ ತುದಿಯಿಂದ ಆ ತುದಿಗೆ ಓಡಬೇಕು, ನಡುನಡುವೆ ಸೀಟಿ ಕೇಳಿದಾಗ ಬೋರಲು ಬೀಳಬೇಕು, ಏಳಬೇಕು, ಮತ್ತೆ ಓಡಬೇಕು.

ಸ್ವಲ್ಪ ಹೊತ್ತಿಗೆ ಡಾಂಟ್ರೆಲ್ ನೀರು ಕೇಳಿದ. ವಿಟ್ಸೆಟ್ ಕೇಳಿಸದವನ ಹಾಗೆ ಸೀಟಿ ಊದಿದ. ಇನ್ನೊಂದು ಸುತ್ತು ಓಡಿ ಬಂದು ಹುಡುಗ ಮತ್ತೆ ಕೇಳಿದ. ಆಗ ವಿಟ್ಸೆಟ್ ಪಕ್ಕದಲ್ಲಿದ್ದ ನೀರಿನ ಡಬ್ಬವನ್ನು ಕಾಲಿನಿಂದ ಉರುಳಿಸಿದ. "ಕುಡೀರಿ. ಹುಲ್ಲು ಕುಡೀತಾ ಇದೆ ನೋಡಿ, ನೀವೂ ಕುಡೀರಿ."

ಆಟಗಾರರ ಆರೋಗ್ಯ ನೋಡಿಕೊಳ್ಳಲು ಒಬ್ಬ ಹುಡುಗಿ ಇದ್ದಳು. ಅವಳು ಎದ್ದು ಬಂದಳು. ವಿಟ್ಸೆಟ್ ಅವಳತ್ತ ತಿರುಗಿ ಕೂಡ ನೋಡದೆ ಅಂಗೈ ಅಡ್ಡ ಹಿಡಿದ. ಅವಳು ನಿಂತುಬಿಟ್ಟಳು.

ಬಿಸಿಲು ತಲೆಗೇರಿ ಡಾಂಟ್ರೆಲ್‌ನ ಬೆವರೇ ನಿಂತುಹೋಗಿತ್ತು. ಅವನು ತಪ್ಪು ದಿಕ್ಕಿಗೆ ಓಡತೊಡಗಿದ. "ಅಮ್ಮಾ, ಬಸ್ ಬಂತು, ಚೀಲ ಕೊಡು" ಎಂದು ಕೂಗುತ್ತ ಬೇಲಿಯ ಕಡೆ ಹೋದ. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹುಡುಗ ಬೇಲಿಗೆ ಡಿಕ್ಕಿ ಹೊಡೆದು ಕುಸಿದ.

ಕ್ಲಿಯೋ ಎದ್ದ.

"ಬಾಯ್ಕಿನ್! ಕೂತ್ಕೋ!"

ಕ್ಲಿಯೋ ನಡೆಯುತ್ತಲೇ ಇದ್ದ.

"ಆ ಗೆರೆ ದಾಟಿದ್ರೆ ನೀನು ನನ್ನ ತಂಡದಲ್ಲಿಲ್ಲ!"

"ಇಲ್ಲ ಅಂತ್ಲೇ ಇಟ್ಕೋ!" ಎಂದು ಕ್ಲಿಯೋ ಅರಚಿದ. ಆಮೇಲೆ ಮಂಡಿಯೂರಿದ್ದವರತ್ತ ತಿರುಗಿ, "ಹುಡುಗ ಸಾಯ್ತಾ ಇದಾನೆ, ಕೂತು ನೋಡಿ, ಪುಕ್ಕಲು ನನ್ಮಕ್ಳಾ!" ಎಂದ. ಅವರಲ್ಲಿ ಒಬ್ಬನೂ ಏಳಲಿಲ್ಲ. ಎದ್ದು ಬಂದವರು, ಕಾಲಲ್ಲಿ ತ್ರಾಣವಿಲ್ಲದ ಆ ಉಳಿದ ಮೂವರು ಹೊಸ ಹುಡುಗರು. ಕ್ಲಿಯೋ ಡಾಂಟ್ರೆಲ್‌ನ ಹೆಗಲಿನ ಮೆತ್ತೆ ಹಿಡಿದು ಎಳೆದ, ಅವರು ಕಾಲು ಹಿಡಿದರು. ಶೆಡ್ಡಿನಲ್ಲಿದ್ದ ಐಸಿನ ತೊಟ್ಟಿಗೆ ಅವನನ್ನು ಬಟ್ಟೆ ಸಮೇತ ಇಳಿಸಿದರು. ಆರೋಗ್ಯದ ಹುಡುಗಿ ಅಳುತ್ತಲೇ ಆಂಬ್ಯುಲೆನ್ಸಿಗೆ ಫೋನು ಮಾಡಿದಳು. ಆ ತೊಟ್ಟಿ ಇಲ್ಲದಿದ್ದರೆ ಹುಡುಗ ದಾರಿಯಲ್ಲೇ ಹೋಗಿಬಿಡುತ್ತಿದ್ದ ಎಂದು ಆಸ್ಪತ್ರೆಯವರು ಹೇಳಿದರು.

ಮರುದಿನವೇ ಕ್ಲಿಯೋನ ಜಾಗ ಹೋಯಿತು, ಅದರ ಜೊತೆ ಓದಿನ ಖರ್ಚೂ ಹೋಯಿತು. ಅಮ್ಮ ಚರ್ಚಿಗೆ ಹಾಕುವ ನೇರಳೆ ಟೋಪಿ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋದಳು.

"ನನ್ನ ಮಗ ಮಾಡಿದ ತಪ್ಪೇನು, ಅದೊಂದು ಹೇಳಿ ಸಾರ್."

"ತಾಯಿ, ತಂಡ ಅಂದ ಮೇಲೆ ಶಿಸ್ತು ಅಂತ ಒಂದಿರತ್ತೆ..."

"ಆ ಹುಡುಗ ಸತ್ತಿದ್ರೆ ಶಿಸ್ತು ಎಲ್ಲಿ ಹಚ್ತಿದ್ರಿ? ಶವದ ಪೆಟ್ಟಿಗೆ ಮೇಲಾ?"

ಅವರು ಗಡಿಯಾರ ನೋಡಿಕೊಂಡರು. ಅಮ್ಮ ಎದ್ದು ಹೊರಬಂದಳು.

ಕ್ಲಿಯೋ ಮೀನಿನ ಮೇವು ತಯಾರಿಸುವ ಕಾರ್ಖಾನೆಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ. ಡಾಂಟ್ರೆಲ್ ಬಹಳ ದಿನ ಆಸ್ಪತ್ರೆಯಲ್ಲಿದ್ದು, ಸೆಪ್ಟೆಂಬರ್ ಕೊನೆಗೆ ಅದೇ ತಂಡಕ್ಕೆ ವಾಪಸಾದ. ಒಂದು ಸಂಜೆ ಟಿವಿಯಲ್ಲಿ ವಿಟ್ಸೆಟ್‌ನ ಪಕ್ಕ ನಿಂತು ಹೇಳುತ್ತಿದ್ದ: "ತಪ್ಪು ನಂದೇ. ನಾನು ನೀರು ಕುಡಿದಿರ್ಲಿಲ್ಲ. ಕೋಚ್ ಸಮಯಕ್ಕೆ ಸರಿಯಾಗಿ ನೋಡಿದ್ದಕ್ಕೆ ಬದುಕಿದೆ."

ಕ್ಲಿಯೋನ ಕೈಲಿದ್ದ ತಟ್ಟೆ ಗೋಡೆಗೆ ಹೋಯಿತು. ಬೆಂದ ಅವರೆಕಾಳು, ಮೆಕ್ಕೆಜೋಳದ ರೊಟ್ಟಿ, ಎಲ್ಲ ಗೋಡೆಯಿಂದ ಜಾರಿದವು.

"ಒರೆಸೋದು ನೀನೇ," ಎಂದಳು ಅಮ್ಮ, ಕುಳಿತಲ್ಲಿಂದಲೇ.

"ಅವನ ಬಾಯಿಂದ್ಲೇ ಬಂತಲ್ಲಮ್ಮ! ಅವನ ಬಾಯಿಂದ್ಲೇ!"

ಅದಾಗಿ ಮುಂದಿನ ಭಾನುವಾರ ಚರ್ಚಿನಿಂದ ಬಂದು ನಾವು ಮೀನು ಕರಿಯುತ್ತಿದ್ದೆವು. ಅಂಗಳದಲ್ಲಿ ಡಾಂಟ್ರೆಲ್ ಬಂದು ನಿಂತಿದ್ದ, ಕೈಯಲ್ಲೊಂದು ಕೇಕಿನ ಡಬ್ಬಿ. ಕ್ಲಿಯೋ ಹೊರಗೆ ಹೋದ.

"ಅಣ್ಣಾ, ನೀನು ಒಂದು ಸಲಾನೂ ನೋಡೋಕೆ ಬರ್ಲಿಲ್ವಲ್ಲ."

"ನಿನ್ನಿಂದ ನಾನು ಮೂಟೆ ಹೊರ್ತಾ ಇದೀನಿ. ನೋಡೋಕೆ ಬೇರೆ ಬರ್ಬೇಕಿತ್ತಾ?"

"ನನ್ನಿಂದ ಹೆಂಗೆ? ಕೋಚ್ ಜೊತೆ ಜಗಳಾಡಿದ್ದು ನೀನು. ಜಗಳಾಡು ಅಂತ ನಿನಗ್ಯಾರು ಹೇಳಿದ್ರು?"

ಕೇಕಿನ ಡಬ್ಬಿ ನೆಲಕ್ಕೆ ಬಿತ್ತು. ಮುಂದಿನದನ್ನು ಹೊಡೆದಾಟ ಎನ್ನಲಾರೆ, ಎರಡು ಗೂಳಿಗಳು ಕೊಂಬು ಕೊಟ್ಟ ಹಾಗಿತ್ತು. ಕ್ಲಿಯೋ ಕಲಿಸಿದ್ದ ಹಾಗೆಯೇ ಹುಡುಗ ತೋಳಿನ ಕೆಳಗೆ ಕೈ ತೂರಿಸಿ ಅವನನ್ನೇ ಎತ್ತಲು ನೋಡಿದ. ಇಬ್ಬರೂ ಸೇರಿ ನಮ್ಮ ಮರದ ಬೇಲಿ ಮುರಿದರು, ಅಮ್ಮನ ಟೊಮ್ಯಾಟೊ ಗಿಡಗಳ ಮೇಲೆ ಉರುಳಿದರು. ಕೊನೆಗೆ ಅಮ್ಮ ತೋಟದ ಪೈಪು ಹಿಡಿದು ಇಬ್ಬರ ಮುಖಕ್ಕೂ ನೀರು ಬಿಟ್ಟಳು. ಉಸಿರು ಕಟ್ಟಿ ಬೇರೆಯಾದರು.

"ನೀರು ಕೇಳಿದ್ದೆ ನೀನು!" ಕ್ಲಿಯೋ ಕೆಸರಲ್ಲಿ ಕೂತೇ ಕೂಗಿದ. "ಬಾಯಿ ಬಿಟ್ಟು ಕೇಳಿದ್ದೆ! ಅವನು ಡಬ್ಬ ಒದ್ದ! ಟಿವಿಲಿ ಹೋಗಿ ತಪ್ಪು ನಂದೇ ಅಂತೀಯಾ?"

ಡಾಂಟ್ರೆಲ್ ಮುಖ ಒರೆಸಿಕೊಳ್ಳುವುದನ್ನು ನಿಲ್ಲಿಸಿದ. "ಯಾವ ಡಬ್ಬ?"

"ಯಾವ ಡಬ್ಬ ಅಂತೀಯಾ?"

"ಅಣ್ಣಾ, ಅಮ್ಮನಾಣೆ, ನನಗೆ ಆವತ್ತಿಂದು ಒಂದೂ ನೆನಪಿಲ್ಲ. ಬೆಳಿಗ್ಗೆ ತಿಂಡಿ ತಿಂದಿದ್ದು ಗೊತ್ತು, ಆಮೇಲೆ ಆಸ್ಪತ್ರೆ. ಏನಾಯ್ತು ಅಂತ ಕೋಚೇ ಬಂದು ಹೇಳಿದ್ರು. ನಾನು ನೀರು ಬೇಡ ಅಂದೆ ಅಂತ, ಅವರೇ ಐಸಿಗೆ ಹಾಕಿದ್ರು ಅಂತ. ನನ್ನ ಜೊತೆ ತಂಡ ಸೇರಿದ ಆ ಮೂರು ಜನ ನನ್ನ ಮುಖಾನೇ ನೋಡಲ್ಲ. ಯಾಕೆ ಅಂತ ಈಗ ಗೊತ್ತಾಗ್ತಾ ಇದೆ."

ಕ್ಲಿಯೋ ಇಷ್ಟು ದಿನ ಹುಡುಗನನ್ನು ಶಪಿಸಿದ್ದ. ಅದೂ ವಿಟ್ಸೆಟ್ ನೆಟ್ಟ ಸುಳ್ಳಿನ ಫಲ ಎಂದು ತಿಳಿದಾಗ ಅವನ ಮುಖ ಹೇಗಾಯಿತೆಂದು ನಾನು ನೋಡಿದ್ದೇನೆ. ಅಮ್ಮ ಇಬ್ಬರನ್ನೂ ಹಿಂದಿನ ಮೆಟ್ಟಿಲ ಮೇಲೆ ಕೂರಿಸಿ ಮೀನು ಬಡಿಸಿದಳು. ಆವತ್ತು ಮೈದಾನದಲ್ಲಿ ಆದದ್ದನ್ನೆಲ್ಲ ಕ್ಲಿಯೋ ಒಂದೂ ಬಿಡದೆ ಹೇಳಿದ. 'ಅಮ್ಮಾ, ಬಸ್ ಬಂತು' ಎಂದು ಕೂಗಿದ್ದನ್ನು ಹೇಳಿದಾಗ ಹುಡುಗ ಮೀನಿನ ತುಂಡು ಕೆಳಗಿಟ್ಟು ಅತ್ತ.

ಮುಂದಿನ ಶನಿವಾರ ನಾನು ಆಟಕ್ಕೆ ಹೋಗಿದ್ದೆ. ಮುಂಸಾಲಿನ ಹಳಬರಲ್ಲಿ ಇಬ್ಬರಿಗೆ ಮೊದಲೇ ಗಾಯವಾಗಿತ್ತು. ಆಳ ಬೇಕಾಗಿದ್ದದ್ದು ಈಗಲೇ. ತಂಡ ವಾದ್ಯಗಳ ಜೊತೆ ಓಡಿ ಬಂತು, ಅದರಲ್ಲಿ ಆ ನಾಲ್ವರು ಇರಲಿಲ್ಲ. ಆಮೇಲೆ ಅವರು ಮಾಮೂಲಿ ಅಂಗಿ ತೊಟ್ಟು ನಡೆದು ಬಂದು ಮೈದಾನದ ಅಂಚಿನಲ್ಲಿ ಕೂತರು. ವಿಟ್ಸೆಟ್ ಅವರ ಮುಂದೆ ನಿಂತು ಕೈ ಬೀಸಿ ಕಿರುಚುತ್ತಿದ್ದ.

ಡಾಂಟ್ರೆಲ್ ಕೂತಲ್ಲಿಂದಲೇ ಗಟ್ಟಿಯಾಗಿ ಹೇಳಿದ: "ನಾನು ನೀರು ಕೇಳಿದ್ದೆ ಕೋಚ್. ನೀವು ಡಬ್ಬ ಒದ್ರಿ. ಇವರು ಮೂರೂ ಜನ ನೋಡಿದಾರೆ. ಇವತ್ತು ನೀವೇ ಬಗ್ಗಿ ನಿಂತ್ಕೊಳ್ಳಿ."

ಮೊದಲ ಸಾಲಿನಲ್ಲಿ ಕೂತವರಿಗೆಲ್ಲ ಅದು ಕೇಳಿಸಿತು. ಆಟ ಮುಗಿಯುವ ಹೊತ್ತಿಗೆ ಕೊನೆಯ ಸಾಲಿಗೂ ಗೊತ್ತಾಗಿತ್ತು. ತಂಡ ಹೀನಾಯವಾಗಿ ಸೋತಿತು. ಊರಿನ ಅರ್ಧ ಜನ ಹುಡುಗರನ್ನು ದ್ರೋಹಿಗಳೆಂದರು. ಒಬ್ಬ ಮುದುಕ ಅವರತ್ತ ಕಡಲೆಕಾಯಿ ಸಿಪ್ಪೆ ಎಸೆದ.

ನ್ಯಾಯ ಸಿಕ್ಕಿತೇ ಎಂದರೆ, ಇಲ್ಲ. ಕಾಲೇಜಿನವರು ವಿಚಾರಣೆ ಎಂದರು, ವಿಷಾದ ಎಂದರು. ಇನ್ನು ಮುಂದೆ ಆರೋಗ್ಯ ನೋಡುವವರು ಸಾಕು ಎಂದರೆ ಕೋಚ್ ಅಭ್ಯಾಸ ನಿಲ್ಲಿಸಲೇಬೇಕು ಎಂದು ನಿಯಮ ಮಾಡಿದರು. ನಾಲ್ವರನ್ನೂ ಸದ್ದಿಲ್ಲದೆ ತಂಡದಿಂದ ಕೈಬಿಟ್ಟರು. ವಿಟ್ಸೆಟ್ ಮರುವರ್ಷ ಬೇರೆ ರಾಜ್ಯದ ದೊಡ್ಡ ಕಾಲೇಜಿಗೆ ಹೋದ, ದೊಡ್ಡ ಮನೆಗೂ ಹೋದ. ಡಾಂಟ್ರೆಲ್ ಊರಿಗೆ ಮರಳಿ ಅಕ್ಕಿ ಗಿರಣಿಯ ಲಾರಿ ಓಡಿಸುತ್ತಾನೆ. ಆವತ್ತಿನ ಬಿಸಿಲಿಗೆ ಕೆಟ್ಟ ಅವನ ಮೂತ್ರಪಿಂಡ ಇವತ್ತಿಗೂ ಪೂರ್ತಿ ಸರಿಯಿಲ್ಲ. ಕ್ಲಿಯೋ ಓದು ಮುಗಿಸಲಿಲ್ಲ. ಕಾರ್ಖಾನೆಯಲ್ಲಿ ಈಗ ಒಂದು ಪಾಳಿಯ ಮೇಲ್ವಿಚಾರಕ.

ಕಳೆದ ವಸಂತದಲ್ಲಿ ಕಾಲೇಜಿನಿಂದ ಒಬ್ಬರು ಮನೆಗೆ ಬಂದಿದ್ದರು. ಒಳ್ಳೆಯ ಸೂಟು, ಒಳ್ಳೆಯ ಮಾತು. ಹಳೆಯ ಆಟಗಾರರಿಗೆ ಸನ್ಮಾನವಂತೆ, ಕ್ಲಿಯೋ ಮೈದಾನದ ಮಧ್ಯೆ ನಿಂತರೆ ಜನ ಎದ್ದು ಚಪ್ಪಾಳೆ ತಟ್ಟುತ್ತಾರಂತೆ.

"ಆ ಹುಡುಗನ ಹತ್ರ ಯಾರಾದ್ರೂ ಕ್ಷಮೆ ಕೇಳಿದ್ರಾ?" ಎಂದ ಕ್ಲಿಯೋ.

"ಅದೆಲ್ಲ ಹಳೇ ವಿಷ್ಯ ಅಲ್ವಾ ಮಿಸ್ಟರ್ ಬಾಯ್ಕಿನ್? ಕೊನೆಗೆ ಎಲ್ಲ ಒಳ್ಳೇದೇ ಆಯ್ತಲ್ಲ."

ಕ್ಲಿಯೋ ಅವರ ಟೋಪಿಯನ್ನು ಮೇಜಿನಿಂದ ಎತ್ತಿ ಅವರ ಕೈಗೇ ಕೊಟ್ಟ. "ಯಾರಿಗೆ ಒಳ್ಳೇದಾಯ್ತು ಅಂತ ಕಾರಲ್ಲಿ ಹೋಗ್ತಾ ಯೋಚ್ನೆ ಮಾಡಿ. ನನಗೆ ಕೆಲಸಕ್ಕೆ ಹೊತ್ತಾಯ್ತು."

ಅವರ ಕಾರು ತಿರುವು ದಾಟುವವರೆಗೂ ಅವನು ಬಾಗಿಲು ತುಂಬಿ ನಿಂತಿದ್ದ. ಆಮೇಲೆ ಬೂಟು ಕಟ್ಟಿಕೊಳ್ಳಲು ಕೂತ. ಆ ಸೊಟ್ಟ ಬೆರಳುಗಳಿಗೆ ದಾರ ಸಿಗದೆ ನಾನೇ ಕಟ್ಟಬೇಕಾಯಿತು.