ಆರು ಬಚ್ಚಲೊಲೆಗಳ ಒಡತಿ

ಊಟಿಯಲ್ಲಿ ಮನೆ ಕಟ್ಟಿಸುವಷ್ಟು ಸಿರಿವಂತಿಕೆಯಿಲ್ಲದ, ಕಟ್ಟಿಸದೆ ಸುಮ್ಮನಿರುವಷ್ಟು ವೈರಾಗ್ಯವೂ ಇಲ್ಲದ ಮೈಸೂರಿನ ಕೆಲವು ದೊಡ್ಡಮನುಷ್ಯರು ಸಾವಿರದ ಒಂಬೈನೂರ ಐವತ್ತರ ಆಚೀಚೆ ಒಂದು ಉಪಾಯ ಕಂಡುಕೊಂಡರು. ಊಟಿಗೆ ಹೋಗುವ ದಾರಿಯಲ್ಲೇ, ಗುಂಡ್ಲುಪೇಟೆಯಲ್ಲಿ ಮನೆ ಕಟ್ಟಿಸಿದರು. ಬೆಳಗಿನ ಹೊತ್ತು ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ತಣ್ಣನೆ ಗಾಳಿ. ಸಂಜೆ ಬಂಡೀಪುರದವರೆಗೆ ಕಾರಿನಲ್ಲಿ ಹೋದರೆ ಅದೃಷ್ಟವಿದ್ದವರಿಗೆ ಆನೆ, ಇಲ್ಲದವರಿಗೆ ಆನೆ ಲದ್ದಿ. ಬೇಸಿಗೆಯ ಎರಡು ತಿಂಗಳು ಈ ಮನೆಗಳು ಗಲಗಲ ಎನ್ನುತ್ತಿದ್ದವು. ಉಳಿದ ಹತ್ತು ತಿಂಗಳು ಬೀಗ.

ಹೀಗಿರುವಾಗ, ಖಾಲಿ ಬಿದ್ದ ಮನೆಗಳನ್ನು ಸರ್ಕಾರ ಹುಡುಕಿ ನೌಕರರಿಗೆ ಬಾಡಿಗೆಗೆ ಕೊಟ್ಟುಬಿಡುತ್ತದೆ ಎಂಬ ಸುದ್ದಿ ಹಬ್ಬಿತು. ಹುತ್ತದೊಳಗಿನ ಹಾವನ್ನಾದರೂ ಎಬ್ಬಿಸಬಹುದು, ಬಾಡಿಗೆಮನೆ ಹೊಕ್ಕ ಗುಮಾಸ್ತನನ್ನು ಎಬ್ಬಿಸಲಾಗದು. ದೊಡ್ಡಮನುಷ್ಯರ ನಿದ್ದೆ ಕೆಟ್ಟಿತು. ಆಗ ಅವರ ಆಸ್ತಿಪಾಸ್ತಿಯ ರಕ್ಷಣೆಗಾಗಿ ಅವತರಿಸಿದವಳೇ ದೊಡ್ಡಮಲ್ಲಮ್ಮ.

ಐವತ್ತರ ಅಂಚಿನ ವಿಧವೆ. ಆಯುಧಗಳು ಮೂರು: ಸೊಂಟಕ್ಕೆ ಸಿಕ್ಕಿಸಿದ ಆರು ಬೀಗದಕೈ, ತಲೆಯ ಮೇಲೆ ಒಂದು ಹೊರೆ ಹಸಿ ಬೇಲಿಕಡ್ಡಿ, ಮಡಿಲಲ್ಲಿ ಬೆಂಕಿಪೊಟ್ಟಣ. ದಿನಾ ಬೆಳಕು ಹರಿಯುತ್ತಲೇ ಅವಳ ದಂಡಯಾತ್ರೆ ಹೊರಡುತ್ತಿತ್ತು. ಒಂದೊಂದು ಮನೆಯ ಹಿತ್ತಿಲ ಬಾಗಿಲು ತೆರೆದು, ಬಚ್ಚಲಿಗೆ ಹೋಗಿ ಹಂಡೆಯ ಒಲೆಗೆ ಉರಿ ಹಚ್ಚುವಳು. ಒಣಸೌದೆ ಅವಳಿಗೆ ನಿಷಿದ್ಧ. ಉರಿ ಯಾರಿಗೆ ಕಾಣುತ್ತದೆ? ಊರಿಗೆ ಕಾಣಬೇಕಾದದ್ದು ಹೊಗೆ. ಹೆಂಚಿನ ಸಂದಿಯಿಂದ ದಟ್ಟ ಹೊಗೆ ಎದ್ದರೆ, ಆ ಮನೆಯಲ್ಲಿ ಯಾರೋ ಎಣ್ಣೆಸ್ನಾನಕ್ಕೆ ಕೂತಿದ್ದಾರೆಂದೇ ಲೆಕ್ಕ. ಆಮೇಲೆ ಬಾಗಿಲಿಗೆ ನೀರು, ಎರಡೆಳೆ ರಂಗೋಲಿ. ಹಿತ್ತಿಲ ತಂತಿಯ ಮೇಲೆ ಒಂದು ಒದ್ದೆ ಸೀರೆ. ಅದೇ ಸೀರೆ ಸರದಿಯ ಮೇಲೆ ಆರು ಮನೆಗಳಲ್ಲಿ ಒಣಗುತ್ತಿತ್ತು.

ಈ ಸಾಮ್ರಾಜ್ಯವನ್ನು ಅವಳಿಗೆ ಕೊಡಿಸಿದವನು ಮನೆ ದಲ್ಲಾಳಿ ಗುರುಮಲ್ಲಯ್ಯ. ಮಾಲೀಕರ ಪರವಾಗಿ ಅವನು ಹಾಕಿದ್ದ ಕರಾರು ಒಂದೇ: "ಒಲೆ ಹಚ್ಚು, ಬಾಗ್ಲು ಹಾಕು, ಈಚೆಗ್ ಬಾ. ಒಳಗೆ ಒಂದ್ ಗಳಿಗೆ ಒರಗೂಡ್ದು."

ಚಕ್ರವರ್ತಿನಿಯ ಸ್ವಂತ ಅರಮನೆ ಊರಾಚೆ, ರಸ್ತೆ ಬದಿಯಲ್ಲಿತ್ತು. ವರ್ತಕ ನೀಲಕಂಠಸ್ವಾಮಿಯವರ ಪಾಳುಜಾಗದಲ್ಲಿ, ಗಂಡ ಮಾರಯ್ಯ ಬದುಕಿದ್ದಾಗ ಎಬ್ಬಿಸಿದ ಸೋಗೆ ಗುಡಿಸಲು. ಇಪ್ಪತ್ತು ವರ್ಷ ಆ ಜಾಗವನ್ನು ಕತ್ತೆಯೂ ಮೂಸಿರಲಿಲ್ಲ. ಊಟಿಯ ಕಾರುಗಳು ಹೆಚ್ಚಿದ್ದೇ ತಡ, ಅದು ಚಿನ್ನದ ಗಟ್ಟಿಯಾಯಿತು. ಯಾರೋ ಹೋಟೆಲು ಕಟ್ಟುವವರು ಬಂದು ಹಗ್ಗ ಹಿಡಿದು ಅಳೆದರು.

ನೀಲಕಂಠಸ್ವಾಮಿ ಒಳ್ಳೆಯವರೇ. ಒಳ್ಳೆಯವರಾದ್ದರಿಂದಲೇ ತಾವೇ ಬಂದು ಹೇಳಿದರು: "ಯುಗಾದಿ ಒಳ್ಗೆ ಗುಡ್ಲು ಎತ್ಬುಡು ಮಲ್ಲಮ್ಮ."

"ನನ್ ಮಗ್ಳು ಶಾಂತಮಲ್ಲಮ್ಮ ಉಡಿಗಾಲದಿಂದ ಬತ್ತಾವ್ಳೆ ಬುದ್ದಿ. ಮೊದಲ್ನೇ ಎರ್ಗೆ. ಮೂರ್ ತಿಂಗ್ಳು ತಡೀರಿ."

"ನಿಂಗೇನವ್ವ ಕಮ್ಮಿ? ನಮಗಿರದು ಒಂದ್ ಮನೆ. ನಿಂಗೆ ಊರ್ ತುಂಬ ಆರವೆ!"

ಹೇಳಿ ತಾವೇ ನಕ್ಕರು. ದೊಡ್ಡಮಲ್ಲಮ್ಮನೂ ನಕ್ಕಳು, ಅವರು ನಕ್ಕಾಗ ನಗುವುದು ಇಪ್ಪತ್ತು ವರ್ಷದ ಅಭ್ಯಾಸ. ಅವರು ಹೋದ ಮೇಲೆ ಅನ್ನದ ತಟ್ಟೆಯನ್ನು ಹಾಗೇ ಮುಚ್ಚಿಟ್ಟಳು.

ಮೊದಲನೆಯ ಹೆರಿಗೆ ತವರಿನಲ್ಲೇ ಆಗಬೇಕು. ಆಗದಿದ್ದರೆ ಆ ಹುಡುಗಿಯ ಅತ್ತೆ ಸಾಯುವ ತನಕ ಅದನ್ನು ಮರೆಯುವುದಿಲ್ಲ, ಮರೆಯಲು ಬಿಡುವುದೂ ಇಲ್ಲ. ದೊಡ್ಡಮಲ್ಲಮ್ಮ ಒಂದು ಕೋಣೆಗಾಗಿ ಊರೆಲ್ಲ ಅಲೆದಳು. ಆದರೆ ಬೇಸಿಗೆ ಬಂದಿತ್ತು. ಗುಂಡ್ಲುಪೇಟೆಯವರು ತಮ್ಮ ಮನೆಗಳನ್ನೇ ಪ್ರವಾಸಿಗಳಿಗೆ ಬಿಟ್ಟುಕೊಟ್ಟು ಕೊಟ್ಟಿಗೆಯಲ್ಲಿ ಮಲಗುತ್ತಿದ್ದರು. ಕೊಟ್ಟಿಗೆಯಿದ್ದವರು ಅದನ್ನು ಕಾರಿನ ಡ್ರೈವರುಗಳಿಗೆ ಕೊಟ್ಟು ಜಗಲಿಯಲ್ಲಿ ಮಲಗುತ್ತಿದ್ದರು. ಎಮ್ಮೆಗಳು ಎಲ್ಲಿ ಮಲಗುತ್ತಿದ್ದವೋ ದೇವರೇ ಬಲ್ಲ. ತುಂಬು ಬಸುರಿಗೆ ಜಾಗ ಮಾತ್ರ ಎಲ್ಲೂ ಇರಲಿಲ್ಲ.

ಶಾಂತಮಲ್ಲಮ್ಮ ಬಸ್ಸಿಳಿದ ದಿನ ಗುಡಿಸಲಿನ ಸೋಗೆ ಇಳಿಸಿಯಾಗಿತ್ತು. ಮಾರನೆಯ ಬೆಳಿಗ್ಗೆ ಮೂರನೆಯ ಒಲೆ ಹಚ್ಚಲು, ಮೈಸೂರಿನಿಂದ ಬೇಸಿಗೆಗೆ ಇನ್ನೂ ಬಂದಿಳಿಯದ ವಕೀಲರೊಬ್ಬರ ಮನೆ ಹೊಕ್ಕ ದೊಡ್ಡಮಲ್ಲಮ್ಮ ಹೊರಗೆ ಬರಲೇ ಇಲ್ಲ. ಮಗಳನ್ನು ಒಳಗೆ ಕರೆದುಕೊಂಡಳು, ಚಾಪೆ ಹಾಸಿದಳು. ಅಂದು ಆ ಬಚ್ಚಲಲ್ಲಿ ಅವಳ ಕೈಯಿಂದ ಮೊದಲ ಬಾರಿಗೆ ಒಣಸೌದೆ ಉರಿಯಿತು, ಹಂಡೆಯಲ್ಲಿ ನಿಜವಾದ ನೀರು ಕಾಯಿತು. ಮೂರನೆಯ ದಿನಕ್ಕೆ ಹೆಣ್ಣುಕೂಸು.

ಗುರುಮಲ್ಲಯ್ಯ ಓಡಿಬಂದು ಎದೆ ಬಡಿದುಕೊಂಡ. "ಏನಮ್ಮಿ ಇದು! ಒಗೆ ಆಕು ಅಂದ್ರೆ ಸಂಸಾರಾನೇ ಊಡ್ಬುಟ್ಟಿದೀಯಲ್ಲ! ವಕೀಲ್ರು ಬತ್ತಾವ್ರೆ. ಮನೆ ಖಾಲಿ ಬಿದ್ದದೆ ಅಂತ ಯಾರೋ ಅರ್ಜಿ ಆಕವ್ರೆ. ನಾಡಿದ್ದು ತನಿಖೆ!"

"ಬರ್ಲಿ ಬುಡು. ಬಾಣಂತೀನ ಬೀದೀಲಿ ಕೂರ್ಸಕಾದದಾ?"

ತನಿಖೆಯ ಬೆಳಿಗ್ಗೆ ವಕೀಲರು ತಮ್ಮ ತಾಯಿಯನ್ನೂ ನಾಲ್ಕು ಟ್ರಂಕುಗಳನ್ನೂ ಕಾರಿಗೆ ತುಂಬಿಕೊಂಡು ಬಂದರು. ಅಧಿಕಾರಿ ಬರುವಷ್ಟರಲ್ಲಿ ಮನೆಯೊಳಗೆ ಕೂತು, ಹುಟ್ಟಿದಾರಭ್ಯ ಇಲ್ಲೇ ಇದ್ದವರಂತೆ ಕಾಫಿ ಕುಡಿಯಬೇಕೆಂಬುದು ಅವರ ವ್ಯೂಹ. ಬಾಗಿಲಲ್ಲಿ ಕೂಸಿನ ಅಳು ಕೇಳಿತು. ವಕೀಲರು ಬೆಚ್ಚಿದರು. ಅವರ ತಾಯಿ ಮಹಾಲಕ್ಷ್ಮಮ್ಮ ಬಲು ಮಡಿಯವರು. ಹೊಸ್ತಿಲ ಕಡೆಗೆ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆಳೆದು ಕಾರು ಹತ್ತಿ ಕೂತುಬಿಟ್ಟರು.

ವಕೀಲರು ದೊಡ್ಡಮಲ್ಲಮ್ಮನ ಮೇಲೆ ಬಾಯಿ ತೆರೆಯುವಷ್ಟರಲ್ಲಿ ಅಧಿಕಾರಿಯ ಸೈಕಲ್ಲು ಬಂದು ನಿಂತಿತು. ತೆರೆದ ಬಾಯಿಯನ್ನು ಅವರು ಮುಗುಳ್ನಗೆಯಾಗಿ ತಿರುಗಿಸಿಕೊಂಡರು.

"ಈ ಮನೆಯಲ್ಲಿ ವಾಸ ಯಾರದ್ದು?"

"ನಮ್ಮದೇ ಸಾರ್. ನಾನು, ನಮ್ಮ ತಾಯಿ."

"ಮತ್ತೆ ಅವರು ಕಾರಿನಲ್ಲಿ ಯಾಕೆ ಕೂತಿದ್ದಾರೆ?"

ಉತ್ತರ ಕಾರಿನ ಒಳಗಿಂದಲೇ ಬಂತು: "ಯಾರೋ ಹೆತ್ತಿದಾಳಪ್ಪ ಒಳಗೆ! ಹನ್ನೊಂದು ದಿನ ಕಳೆದು ಪುಣ್ಯಾಹ ಆಗೋ ತನಕ ನಾನು ಕಾಲಿಡೋದಿಲ್ಲ!"

ವಕೀಲರ ಮೊಕದ್ದಮೆ ಅಲ್ಲಿಗೆ ಬಿತ್ತು. ಅಧಿಕಾರಿ ದೊಡ್ಡಮಲ್ಲಮ್ಮನ ಕಡೆಗೆ ತಿರುಗಿದರು. "ಇದು ನಿನ್ನ ಮನೆಯೇನಮ್ಮ?"

ವಕೀಲರ ಹಣೆಯ ಮೇಲೆ ಬೆವರೊಡೆಯಿತು. ಹೌದೆಂದರೆ ಅವಳು ಬಾಡಿಗೆದಾರಳಾಗಿ ನೆಟ್ಟಗೆ ಬೇರೂರುತ್ತಾಳೆ. ಹೊಗೆ ಹಾಕುವ ಕೂಲಿಯವಳು ಎಂದರೆ ಮನೆ ಖಾಲಿಯೆಂದಾಗಿ ಯಾವನೋ ಗುಮಾಸ್ತನ ಪಾಲು. ಇತ್ತ ದೊಡ್ಡಮಲ್ಲಮ್ಮನಿಗೂ ಅದೇ ಕತ್ತರಿ. ಹೌದೆಂದರೆ ನಾಳೆಯಿಂದ ಯಾವ ಮಾಲೀಕನೂ ಬೀಗದಕೈ ಕೊಡುವುದಿಲ್ಲ. ಅಲ್ಲವೆಂದರೆ ಹಸಿ ಬಾಣಂತಿ ಬೀದಿಗೆ. ಅವಳು ಸೆರಗು ಸರಿಪಡಿಸಿಕೊಂಡಳು.

"ನನ್ ಮನೆ ಅಲ್ಲ ಬುದ್ದಿ. ನನ್ ಮಗಳ್ ತವರ್ಮನೆ."

"ಅಂದರೆ?"

"ಮಗ್ಳು ಮೊದಲ್ನೇ ಬಾಣಂತನಕ್ಕೆ ಎಲ್ಲಿಗ್ ಬಂದ್ಲೋ ಅದು. ಮೂರ್ ತಿಂಗ್ಳು. ಆಮೇಲೆ ಇವರ್ದು."

ಅಧಿಕಾರಿ ಲೇಖಣಿಯ ತುದಿಯಿಂದ ಕಿವಿ ಕೆರೆದುಕೊಂಡರು. ಅವರ ನಮೂನೆಯಲ್ಲಿ ಮಾಲೀಕ, ಬಾಡಿಗೆದಾರ, ಖಾಲಿ ಎಂಬ ಮೂರೇ ಅಂಕಣಗಳಿದ್ದವು. ಒಳಗೆ ಕೂಸು ಮತ್ತೊಮ್ಮೆ ಕಿರುಚಿತು. ಕೊನೆಗೆ ಅಂಚಿನ ಖಾಲಿ ಜಾಗದಲ್ಲಿ ಬರೆದರು: "ವಾಸವಿದೆ. ಬಾಣಂತಿ, ಶಿಶು, ಬಾಣಂತಿಯ ತಾಯಿ. ಮೂರು ತಿಂಗಳ ನಂತರ ಮರುತನಿಖೆ."

ಮನೆ ಉಳಿಯಬೇಕಾದರೆ ಬಾಣಂತಿಯೂ ಉಳಿಯಬೇಕು. ವಕೀಲರು ಹಲ್ಲು ಕಚ್ಚಿಕೊಂಡು ತಾಯಿಯನ್ನೂ ಟ್ರಂಕುಗಳನ್ನೂ ಮೈಸೂರಿಗೆ ತಿರುಗಿಸಿದರು. ಆ ಬೇಸಿಗೆ ಅವರಿಗೆ ಆನೆಯೂ ಇಲ್ಲ, ಲದ್ದಿಯೂ ಇಲ್ಲ.

ದಿಗ್ವಿಜಯದ ಬೆಲೆ ವಾರದೊಳಗೆ ಗೊತ್ತಾಯಿತು. ಗುರುಮಲ್ಲಯ್ಯ ಒಂದೊಂದೇ ಬೀಗದಕೈ ವಾಪಸು ಕೇಳಲು ಬಂದ.

"ಆ ಮೊದಲ್ನೇ ಮನೆ ಡಾಕ್ಟ್ರು ವಾಪಸ್ ಕೊಡು ಅಂದ್ರು ಕಣಮ್ಮಿ. ನಾನೇನ್ ಮಾಡ್ಲಿ? ಎಣ್ಮಕ್ಳಿಲ್ದವ್ರ್ನ ನೋಡು ಅಂತವ್ರೆ."

"ತಕೋ."

ಹೀಗೆ ಐದು ಕೈ ಹೋದವು. ಸೊಂಟ ಹಗುರಾಯಿತು. ಊರಿನಲ್ಲಿ ಐದು ಮನೆಗಳ ಹೊಗೆಯನ್ನು ಈಗ ಬೇರೆ ಯಾರೋ ಹಾಕುತ್ತಿದ್ದರು. "ತೆಳ್ಳಗದೆ," ಎಂದು ದೊಡ್ಡಮಲ್ಲಮ್ಮ ಹಿತ್ತಿಲಲ್ಲಿ ನಿಂತು ಮೂಗು ಮುರಿಯುತ್ತಿದ್ದಳು. ಮಗಳಿಗೆ ಮಾತ್ರ ಒಂದನ್ನೂ ಬಿಡಿಸಿ ಹೇಳಲಿಲ್ಲ. ದಿನವೂ ಎಣ್ಣೆ ನೀರು, ಮೆಣಸಿನ ಸಾರು, ಸಾಂಬ್ರಾಣಿ ಹೊಗೆ. ಅವ್ವನ ಕಿವಿಯ ಓಲೆ ಯಾವಾಗ ಹೋಯಿತೆಂದು ಶಾಂತಮಲ್ಲಮ್ಮ ಕೇಳಿದ್ದಕ್ಕೆ, "ಎಲ್ಲೋ ಬಿದ್ದೋಯ್ತು," ಎಂದಳು.

ಮೂರು ತಿಂಗಳು ತುಂಬಿದ ದಿನ ಇನ್ನು ಆ ಮನೆಯಲ್ಲಿ ವಾಸವಿರಲೆಂದು ವಕೀಲರು ಕಳಿಸಿದ ಮುದುಕ ಜವಾನ ಹಾಸಿಗೆ ಸುರುಳಿಯೊಂದಿಗೆ ಬಂದು ಆರನೆಯ ಬೀಗದಕೈ ಇಸಿದುಕೊಂಡ. ಅಳಿಯ ಉಡಿಗಾಲದಿಂದ ಬಂದಿದ್ದ. ಬಸ್ ನಿಲ್ದಾಣಕ್ಕೆ ಗುರುಮಲ್ಲಯ್ಯನೂ ಬಂದ, ಕೂಸಿಗೆ ಒಂದು ಕುಲಾವಿ ಹಿಡಿದುಕೊಂಡು.

ಚಾಮರಾಜನಗರದ ಬಸ್ಸು ಹತ್ತಿ ಕೂತ ಮೇಲೆ ಶಾಂತಮಲ್ಲಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ನೀನೆಲ್ಲಿರ್ತಿಯವ್ವ?"

"ಅಯ್ಯೋ, ಮನೆ ಗೊತ್ ಮಾಡಾಯ್ತು ಕಣಮ್ಮಿ. ಗುರುಮಲ್ಲಯ್ಯ ನೋಡವ್ನೆ."

"ಊಂ ಕಣವ್ವ," ಎಂದ ಗುರುಮಲ್ಲಯ್ಯ. "ಒಳ್ಳೆ ಮನೆ. ಬಾವಿ ಅದೆ."

ಇಪ್ಪತ್ತು ವರ್ಷದ ದಲ್ಲಾಳಿತನದಲ್ಲಿ ಅವನು ಕಮಿಷನ್ ಇಲ್ಲದೆ ಹೇಳಿದ ಮೊದಲ ಸುಳ್ಳು ಅದು.

ಬಸ್ಸು ಧೂಳೆಬ್ಬಿಸಿ ಹೋಯಿತು. ದೊಡ್ಡಮಲ್ಲಮ್ಮ ಗಂಟನ್ನು ತಲೆಗೇರಿಸಿಕೊಂಡಳು.

"ಈಗೆಲ್ಲಿಗ್ ಓಯ್ತೀಯೆ?" ಎಂದ ಗುರುಮಲ್ಲಯ್ಯ, ನೆಲ ನೋಡುತ್ತ.

"ಬಾವಿ ಇರೋ ಮನೆಗೆ. ನಡಿ, ತೋರ್ಸು."

ಅವನು ತಲೆ ಕೆರೆದುಕೊಂಡ. ಆಮೇಲೆ ಪೇಟೆಯ ಕಡೆಗೆ ಹೆಜ್ಜೆ ಹಾಕಿದ. ಅವಳು ಹಿಂದೆ ಹೊರಟಳು. ಮೊದಲನೆಯ ಬಾಗಿಲು ತಟ್ಟಿದಾಗ ಒಳಗಿನಿಂದ ಯಾರೋ, "ಖಾಲಿ ಇಲ್ಲ," ಎಂದರು. ಅವರು ಎರಡನೆಯದಕ್ಕೆ ಹೋದರು.