ಎಡಗಡೆಯ ಅಂಚು

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತೆರಡು ವರ್ಷ ಗಾಜಿನ ಅಂಚು ಸವೆಸಿದ ಮನುಷ್ಯ ಅವನು. ಮುಂದುಗಡೆ ಗಿರಾಕಿಗಳು ಕನ್ನಡಿಯೆದುರು ನಿಂತು ಈ ಫ್ರೇಮು ಬೇಡ, ಆ ಫ್ರೇಮು ಬೇಡ ಎಂದು ಮೂಗು ಮುರಿಯುತ್ತಿದ್ದರೆ, ಹಿಂದುಗಡೆ ಇವನು ತನ್ನ ಪಾಡಿಗೆ ತಾನು ಚೀಟಿ ನೋಡಿ ಗಾಜು ಕೂರಿಸುತ್ತಿದ್ದ. ಚೀಟಿಯಲ್ಲಿ ಏನು ಬರೆದಿದೆಯೋ ಅದು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅಂಥವನನ್ನು ಯಾವ ಮಾಲೀಕ ಬಿಟ್ಟಾನು?

ನಲವತ್ತು ದಾಟಿದ ಮೇಲೆ ಅವನಿಗೆ ಫೋಟೊ ಹುಚ್ಚು ಹಿಡಿಯಿತು. ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಕೊಂಡ, ಮೆಮೊರಿ ಕಾರ್ಡು ಒಂದೇ ಒಂದು. ಸ್ಟುಡಿಯೊ, ದೀಪ ಗೀಪ ಕೈಗೆಟುಕುವಂಥದ್ದಲ್ಲವಾದ್ದರಿಂದ ಪಾರ್ಕಿನ ಮರದ ಕೆಳಗೆ ಮನುಷ್ಯರ ಮುಖ ಸೆರೆಹಿಡಿಯುವುದೇ ಅವನ ಶೋಕಿ. ಮನುಷ್ಯರು ಅಂದರೆ ಅಕ್ಕ, ಅಷ್ಟೆ. ಮನೆಯಲ್ಲಿ ಇದ್ದದ್ದೇ ಮೂರು ಜನ: ಮದುವೆ ಬೇಡವೆಂದು ಉಳಿದ ಅಕ್ಕ, ಬೇಕೆಂದರೂ ಆಗದೆ ಉಳಿದ ಇವನು, ಮತ್ತು ಅಮ್ಮ. ಅಮ್ಮನನ್ನು ಕೇಳುವ ಹಾಗೇ ಇರಲಿಲ್ಲ. ಹತ್ತು ವರ್ಷದ ಹಿಂದೆ ಮುಖದ ಎಡಭಾಗ ಸ್ವಾಧೀನ ತಪ್ಪಿ ಬಾಯಿ ಸೊಟ್ಟಗಾದಾಗಿನಿಂದ ಅವಳು ಕ್ಯಾಮೆರಾ ಕಂಡರೆ ಕೈ ಅಡ್ಡ ಹಿಡಿದು ಒಳಗೆ ಹೋಗಿಬಿಡುತ್ತಿದ್ದಳು. "ನನ್ನನ್ನ ತೆಗೆದ್ರೆ ನಿನ್ನ ಕ್ಯಾಮೆರಾನೂ ಸೊಟ್ಟಗಾಗುತ್ತೆ ಕಣೋ" ಎಂದು ನಗುತ್ತಿದ್ದಳು. ಹಳೆಯ ಫೋಟೊಗಳಿದ್ದ ಪೆಟ್ಟಿಗೆ ಮನೆ ಬದಲಾಯಿಸುವಾಗ ಎಲ್ಲೋ ಕಳೆದುಹೋಗಿತ್ತು. ಉಳಿದದ್ದು ಗುರುತಿನ ಚೀಟಿಯ ಸೊಟ್ಟ ಮುಖ ಒಂದೇ. ಅದನ್ನವಳು ಬೀರುವಿನ ತಳದಲ್ಲಿ ಹುದುಗಿಸಿಟ್ಟಿದ್ದಳು.

ಸೈಕಲ್ ಅಂಗಡಿಯ ಮಹಡಿಯ ಮೇಲೆ ಹವ್ಯಾಸಿಗಳ ಕ್ಲಬ್ಬೊಂದಿತ್ತು. ವಾರ ಬಿಟ್ಟು ವಾರ, ಭಾನುವಾರ ಮಧ್ಯಾಹ್ನ ಗೋಡೆಗೆ ಬಿಳಿ ಹಾಸು ಕಟ್ಟಿ ಒಬ್ಬೊಬ್ಬರದೂ ಒಂದೊಂದು ಫೋಟೊ ಹಾಕುವುದು, ಮಿಕ್ಕವರು ಅಭಿಪ್ರಾಯ ಹೇಳುವುದು. ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮ: ಫೋಟೊ ಯಾರದೋ ಅವರು ತುಟಿ ಪಿಟಕ್ಕೆನ್ನಬಾರದು. "ನೋಡೋರ ಮನೆಮನೆಗೂ ಹೋಗಿ ವಿವರಣೆ ಕೊಡ್ತೀರಾ? ಫೋಟೊ ತಾನೇ ಮಾತಾಡ್ಬೇಕು" ಎಂದು ಈ ನಿಯಮ ಮಾಡಿದವರು ಹಲ್ಲಿನ ಡಾಕ್ಟರಮ್ಮ. ಕೆಲಸದಿಂದ ನಿವೃತ್ತರಾಗಿದ್ದರೂ ಕೀಳುವ ಅಭ್ಯಾಸ ಬಿಟ್ಟಿರಲಿಲ್ಲ. ಆದರೆ ಅವರ ಕಣ್ಣು ಸುಳ್ಳಾಡುತ್ತಿರಲಿಲ್ಲ, ಅದನ್ನು ಎಲ್ಲರೂ ಒಪ್ಪುತ್ತಿದ್ದರು. ಬೇರೆಯವರು ಅವರ ಮಾತು ಕೇಳಿ ಮುಖ ಊದಿಸಿಕೊಂಡು ಮನೆಗೆ ಹೋಗಿ ಮರೆತರೆ, ಇವನು ಒಂದೊಂದನ್ನೂ ನಂಬರು ಹಾಕಿ ಬರೆದುಕೊಂಡು ಹೋಗಿ ಚಾಚೂ ತಪ್ಪದೆ ಮಾಡುತ್ತಿದ್ದ. ಪಾಪ, ಅಂಗಡಿಯಲ್ಲಿ ಅನ್ನ ಕೊಟ್ಟ ಗುಣ ಇಲ್ಲೂ ಕೈಹಿಡಿದೀತು ಅಂದುಕೊಂಡಿದ್ದ.

ಒಂದು ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಗಾಳಿ ಇತ್ತು. ಅಕ್ಕನ ಮುಖದ ನೆರಳಿಗೆ ಬೆಳಕು ತಿರುಗಿಸಲು ಒಂದು ಬಿಳಿ ಥರ್ಮಾಕೋಲ್ ಹಲಗೆ ಒಯ್ದಿದ್ದ; ಎಲ್ಲಿ ಒರಗಿಸಿದರೂ ಅದು ಹಾರಿಹೋಗುತ್ತಿತ್ತು. ತಿಂಡಿಯ ಚೀಲ ಕಾಯುತ್ತಾ ಕೂತಿದ್ದ ಅಮ್ಮ ಎದ್ದು ಬಂದಳು.

"ನಾನು ಹಿಡ್ಕೊಳ್ತೀನಿ ಕೊಡು. ಫೋಟೊದಲ್ಲಿ ಬರಲ್ಲ ತಾನೆ?"

"ಇಲ್ಲಮ್ಮ, ಇನ್ನೂ ಸ್ವಲ್ಪ ಆಚೆ ನಿಂತ್ಕೋ."

ಅಮ್ಮ ಹಲಗೆ ಹಿಡಿದು ನಿಂತಳು. ಒಂದು ಗಳಿಗೆ ಬಾಗಿ, ಅಕ್ಕನ ಕೆನ್ನೆಗೆ ಬಂದಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸುತ್ತಾ ಏನೋ ಪಿಸುಗುಟ್ಟಿದಳು. ಅಕ್ಕ ಹೊಟ್ಟೆ ತುಂಬ ನಕ್ಕಳು. ಇವನು ಒತ್ತಿದ.

ಮಧ್ಯಾಹ್ನ ಫೋಟೊ ಹಾಸಿನ ಮೇಲೆ ಮೂಡಿದಾಗ ಕ್ಲಬ್ಬಿನವರು ಅವನ ಫೋಟೊ ನೋಡಿ ಮೊದಲ ಸಲ ಸುಮ್ಮನಾದರು. ಆ ನಗು, ಆ ಬೆಳಕು! ಡಾಕ್ಟರಮ್ಮ ಕೂಡ ತಲೆದೂಗಿದರು. ಆಮೇಲೆ ಕೋಲು ಎತ್ತಿ ಎಡಗಡೆಯ ಅಂಚಿಗೆ ಮುಟ್ಟಿಸಿದರು.

"ಒಂದು, ಮೇಲೆ ಆಕಾಶ ಜಾಸ್ತಿ. ಎರಡು, ಬೆಳಕು ಹಿಡಿದವರು ಒಳಗೆ ಬಂದುಬಿಟ್ಟಿದ್ದಾರೆ ನೋಡಿ. ಅರ್ಧ ಮುಖ, ಒಂದು ಕೈ. ಕಣ್ಣು ಸುಮ್ಮನೆ ಅಲ್ಲಿಗೆ ಓಡುತ್ತೆ. ಕತ್ತರಿಸಿ."

ಉಳಿದವರೂ ಹೌದು ಹೌದು ಎಂದರು. ಅವನು ಬರೆದುಕೊಂಡ.

ಕತ್ತರಿಸಿದ. ಮುಂದಿನ ಸಲ ಹಾಕಿದಾಗ ಅಕ್ಕನ ಕಿವಿಯ ಬಳಿ ನಾಲ್ಕು ಬೆರಳು ಮಾತ್ರ ಉಳಿದಿದ್ದವು. "ಇದ್ಯಾರದ್ರೀ ಬೆರಳು, ದೆವ್ವದ್ದಾ?" ಎಂದು ಯಾರೋ ಅಂದರು, ಎಲ್ಲರೂ ನಕ್ಕರು, ಇವನೂ ನಕ್ಕ. ಎರಡು ಸಂಜೆ ಕಂಪ್ಯೂಟರಿನ ಮುಂದೆ ಕೂತು, ಅಂಗಡಿಯಲ್ಲಿ ಗಾಜು ಉಜ್ಜುವಷ್ಟೇ ತಾಳ್ಮೆಯಿಂದ, ಆ ಬೆರಳುಗಳನ್ನು ಒಂದೊಂದಾಗಿ ಅಳಿಸಿದ. ಉಗುರು, ಗೆಣ್ಣು, ಸೂಜಿ ಚುಚ್ಚಿದ ಹಳೆಯ ಕಲೆ, ಎಲ್ಲದರ ಮೇಲೂ ಎಲೆಯ ಹಸಿರು ಬಳಿದ. ತಿದ್ದಿದ್ದನ್ನು ಮೊದಲಿನ ಫೈಲಿನ ಮೇಲೆಯೇ ಉಳಿಸುವುದು ಅವನ ರೂಢಿ. ತಪ್ಪಿರುವ ಫೋಟೊ ಇಟ್ಟುಕೊಂಡು ಏನು ಮಾಡುವುದು? ಇದ್ದ ಒಂದು ಕಾರ್ಡನ್ನೂ ಮುಂದಿನ ಭಾನುವಾರಕ್ಕೆ ಖಾಲಿ ಮಾಡಿದ.

ಫೋಟೊ ಕ್ಲಬ್ಬಿನ ಗೋಡೆ ಏರಿತು. ಒಂದು ಪ್ರತಿ ಮನೆಗೂ ಬಂತು. ಅಮ್ಮ ಅದನ್ನು ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ನಿಮ್ಮಕ್ಕ ಚೆನ್ನಾಗಿ ಬಂದಿದ್ದಾಳೆ" ಎಂದು ಹೇಳಿ ಒಲೆಯ ಕಡೆ ಹೋದಳು.

ಎಂಟು ತಿಂಗಳಿಗೆ ಅಮ್ಮ ತೀರಿಕೊಂಡಳು. ಮೂರು ದಿನದ ಜ್ವರ, ಅಷ್ಟೇ. ವಾರ ಕಳೆದ ಮೇಲೆ ಅಕ್ಕ ಕೇಳಿದಳು: "ಪಾರ್ಕಿನಲ್ಲಿ ತೆಗೆದ್ಯಲ್ಲ, ಅಮ್ಮ ಇರೋದು, ಅದನ್ನ ದೊಡ್ಡದು ಮಾಡಿಸು. ಗೋಡೆಗೆ ಬೇಕು."

ಅವನು ಮಾಡಿಸುತ್ತೇನೆ ಎಂದುಬಿಟ್ಟ.

ಕಂಪ್ಯೂಟರ್ ರಿಪೇರಿಯವನು ಕಾರ್ಡು ನೋಡಿ, ಇದರ ಮೇಲೆ ಎಷ್ಟು ಸಲ ತುಂಬಿದ್ದೀರಿ ಸಾರ್, ಏನೂ ಸಿಗಲ್ಲ ಎಂದ. ಕ್ಲಬ್ಬಿನ ಕಾರ್ಯದರ್ಶಿ ತಿಂಗಳಿಗೊಮ್ಮೆ ಎಲ್ಲ ಅಳಿಸುತ್ತೇವೆ ಎಂದ. ಕೊನೆಗೆ ಡಾಕ್ಟರಮ್ಮನ ಮನೆಯ ಗಂಟೆ ಒತ್ತಿದ. ಅವರ ಹತ್ತಿರ ಇರುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಮುಳುಗುವವನು ಸಿಕ್ಕಿದ್ದನ್ನು ಹಿಡಿಯುತ್ತಾನೆ.

"ಅವರು ನಿಮ್ಮ ತಾಯಿ ಅಂತ ನನಗೇನು ಗೊತ್ತು?" ಎಂದರು ಅವರು. "ನೀವು ಒಂದು ಮಾತು ಹೇಳ್ಬಾರದಿತ್ತಾ?"

"ಮಾತಾಡೋ ಹಾಗಿರ್ಲಿಲ್ವಲ್ಲ ಮೇಡಂ."

ಅವರು ಬಾಗಿಲು ಪೂರ್ತಿ ತೆರೆದು, ಕೂತು ಕಾಫಿ ಕುಡಿಯಿರಿ ಎಂದರು. ಅವನು ಬೇಡವೆಂದು ಮೆಟ್ಟಿಲಿಳಿದ. ಅವರ ಮೇಲೆ ಸಿಟ್ಟು ಬಂದಿದ್ದರೆ ಅವನಿಗೆ ಅಷ್ಟು ನೆಮ್ಮದಿಯಾದರೂ ಇರುತ್ತಿತ್ತು. ಬರಲಿಲ್ಲ. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಅವನು ಮಾಡಿದ್ದೂ ಸರಿಯಾಗಿಯೇ ಇತ್ತು.

ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದ. ಬೈದರೆ ಬೈಸಿಕೊಳ್ಳೋಣ ಎಂದು ತಲೆ ತಗ್ಗಿಸಿ ಕೂತ. ಅಕ್ಕ ಬೈಯಲಿಲ್ಲ. ಮಡಿಸುತ್ತಿದ್ದ ಬಟ್ಟೆಯನ್ನು ಮಡಿಲಲ್ಲೇ ಬಿಟ್ಟಳು.

"ಅವತ್ತು ನೀನು ಸ್ಟ್ಯಾಂಡ್ ಮಡಿಸ್ತಿದ್ದಾಗ ಅಮ್ಮ ನನ್ನ ಕೈಯಿಂದ ಕ್ಯಾಮೆರಾ ಇಸ್ಕೊಂಡು ನೋಡಿದ್ಲು. ಇದರಲ್ಲಿ ಬಲಗಡೆ ಮಾತ್ರ ಬಂದಿದೆ, ನನ್ನ ಮುಖ ನೆಟ್ಟಗಿದೆ, ಇದೊಂದು ಇರಲಿ, ನಾನು ಹೋದ್ಮೇಲೆ ಬೇಕಾಗುತ್ತೆ ಅಂದ್ಲು."

ಅಕ್ಕ ಮಡಿಲಿನ ಬಟ್ಟೆಯನ್ನು ಪಕ್ಕಕ್ಕಿಟ್ಟಳು.

"ಆಮೇಲೆ ನೀನು ಆ ಪ್ರತಿ ತಂದೆ. ಅದರಲ್ಲಿ ಅವಳಿಲ್ಲ. ನಾನು ಕೇಳೋಕೆ ಹೊರಟೆ, ಅಮ್ಮನೇ ಬೇಡ ಅಂದ್ಲು. ಇದು ಕ್ಲಬ್ಬಿನವರಿಗೆ, ನನ್ನದು ಬೇರೆ ಇಟ್ಟಿರ್ತಾನೆ ಬಿಡು ಅಂದ್ಲು. ನಾನೂ ಸುಮ್ಮನಾದೆ ಕಣೋ. ನೀನೇ ತೆಗೆದಿದ್ದಲ್ವಾ, ನಿನಗೆ ಕಂಡಿರುತ್ತೆ ಅಂದ್ಕೊಂಡೆ."

"ಕಂಡಿತ್ತು ಅಕ್ಕ," ಎಂದ ಅವನು. "ತಪ್ಪು ಅಂತ ಕಂಡಿತ್ತು."